ಆಯುಧ ಅವೇ, ಹೆಸರು ಬೇರೆ: ವಿಷ್ಣುವಿನ ಇಪ್ಪತ್ತನಾಲ್ಕು ಮೂರ್ತಿಗಳು

ಸೋಮನಾಥಪುರದ ದೇವಾಲಯಕ್ಕೆ ಮೂರು ಗರ್ಭಗುಡಿಗಳು. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಇದನ್ನು ಕಟ್ಟಿಸಿ, ಅಲ್ಲಿ ಕೇಶವ, ಜನಾರ್ದನ, ವೇಣುಗೋಪಾಲರನ್ನು ಪ್ರತಿಷ್ಠಾಪಿಸಿದ. ವೇಣುಗೋಪಾಲನನ್ನು ಕೊಳಲೂದುವ ಭಂಗಿಯಿಂದಲೇ ಮಕ್ಕಳೂ ಗುರುತಿಸುತ್ತಾರೆ. ಕೇಶವ ಮತ್ತು ಜನಾರ್ದನರ ವಿಷಯ ಹಾಗಲ್ಲ. ಇಬ್ಬರಿಗೂ ಕಿರೀಟ, ಇಬ್ಬರಿಗೂ ನಾಲ್ಕು ಕೈ, ಇಬ್ಬರ ಕೈಯಲ್ಲೂ ಶಂಖ, ಚಕ್ರ, ಗದೆ, ಪದ್ಮ. ಹಾಗಿದ್ದರೆ ಇವನು ಕೇಶವ, ಅವನು ಜನಾರ್ದನ ಎಂದು ಹೇಳುವುದು ಯಾವ ಆಧಾರದ ಮೇಲೆ?

ಶಿಲ್ಪಶಾಸ್ತ್ರ ಕೊಡುವ ಉತ್ತರ ಚಿಕ್ಕದು: ಯಾವ ಕೈಯಲ್ಲಿ ಏನಿದೆ ನೋಡಿ. ಮೂರ್ತಿಯ ಬಲಗಡೆಯ ಕೆಳಗಿನ ಕೈಯಿಂದ ಹೊರಟು ಬಲ ಮೇಲ್ಗೈ, ಎಡ ಮೇಲ್ಗೈ, ಎಡ ಕೆಳಗೈ ಎಂದು ಪ್ರದಕ್ಷಿಣೆಯಾಗಿ ಓದಬೇಕು. ಪದ್ಮ, ಶಂಖ, ಚಕ್ರ, ಗದೆ ಎಂಬ ಕ್ರಮ ಬಂದರೆ ಕೇಶವ. ಪದ್ಮ, ಚಕ್ರ, ಶಂಖ, ಗದೆ ಎಂದು ಬಂದರೆ ಜನಾರ್ದನ. ಮೇಲಿನೆರಡು ಕೈಗಳ ಶಂಖ ಚಕ್ರಗಳು ಅದಲುಬದಲಾದರೆ ಸಾಕು, ದೇವರ ಹೆಸರೇ ಬದಲಾಗುತ್ತದೆ.

ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ಇಪ್ಪತ್ತನಾಲ್ಕು ರೀತಿಯಲ್ಲಿ ಇಡಬಹುದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಂಧ್ಯಾವಂದನೆಯ ಆಚಮನದಲ್ಲಿ ಹೇಳುವ, ಕನಕದಾಸರ ಕೇಶವನಾಮದಿಂದ ಕನ್ನಡದ ಮನೆಮನೆಗೂ ತಲುಪಿದ ಹೆಸರುಗಳೂ ಇಪ್ಪತ್ತನಾಲ್ಕೇ. ಇವುಗಳ ಹಿನ್ನೆಲೆಯಲ್ಲಿರುವುದು ಪಾಂಚರಾತ್ರ ಸಂಪ್ರದಾಯ. ಅದರ ಪ್ರಕಾರ ವಾಸುದೇವ, ಸಂಕರ್ಷಣ, ಪ್ರದ್ಯುಮ್ನ, ಅನಿರುದ್ಧ ಎಂಬ ನಾಲ್ಕು ವ್ಯೂಹಗಳಲ್ಲಿ ಒಂದೊಂದರಿಂದಲೂ ಮೂರು ಮೂರು ರೂಪಗಳು ಹೊರಡುತ್ತವೆ. ಹಾಗೆ ಬಂದ ಕೇಶವನಿಂದ ದಾಮೋದರನವರೆಗಿನ ಹನ್ನೆರಡು ಮಂದಿ ಹನ್ನೆರಡು ಮಾಸಗಳ ಅಧಿಪತಿಗಳು. ಕೇಶವನದು ಮಾರ್ಗಶಿರ ಮಾಸ. ನಾಲ್ಕು ವ್ಯೂಹಗಳನ್ನೂ ಒಳಗೊಂಡ ಮತ್ತೆ ಹನ್ನೆರಡು ಹೆಸರುಗಳು ಸೇರಿ ಪಟ್ಟಿ ಪೂರ್ಣವಾಗುತ್ತದೆ. ಇಲ್ಲಿನ ವಾಮನ ಕುಳ್ಳನಲ್ಲ, ತ್ರಿವಿಕ್ರಮ ಕಾಲೆತ್ತಿ ಲೋಕ ಅಳೆಯುವುದಿಲ್ಲ. ಅವತಾರದ ಕಥೆಯನ್ನು ಬದಿಗಿಟ್ಟು, ಬರೀ ಆಯುಧಗಳ ಜೋಡಣೆಯಿಂದ ದೇವರನ್ನು ತಿಳಿಸುವ ಕ್ರಮವಿದು.

ಈ ಕ್ರಮ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1970ರಲ್ಲಿ ಅಫ್ಘಾನಿಸ್ತಾನದ ಐ ಖಾನುಮ್‌ನಲ್ಲಿ ಇಂಡೋ-ಗ್ರೀಕ್ ದೊರೆ ಅಗಾಥೊಕ್ಲಿಸ್‌ನ ಬೆಳ್ಳಿ ನಾಣ್ಯಗಳು ಸಿಕ್ಕವು. ಕ್ರಿ.ಪೂ. 2ನೇ ಶತಮಾನದ ಆ ನಾಣ್ಯಗಳ ಒಂದು ಮುಖದಲ್ಲಿ ಚಕ್ರ ಹಿಡಿದ ವಾಸುದೇವ, ಇನ್ನೊಂದರಲ್ಲಿ ನೇಗಿಲು ಹಿಡಿದ ಸಂಕರ್ಷಣ. ಇಬ್ಬರಿಗೂ ಎರಡೆರಡೇ ಕೈ. ಕುಶಾಣರ ಕಾಲದ ಮಥುರಾ ಶಿಲ್ಪದಲ್ಲಿ ವಿಷ್ಣುವಿಗೆ ನಾಲ್ಕು ಕೈ ಬಂದವು. ಆದರೆ ಅಲ್ಲಿ ಮುಂಗೈ ಸಾಮಾನ್ಯವಾಗಿ ಅಭಯ ಮುದ್ರೆಯಲ್ಲಿರುತ್ತದೆ. ಪದ್ಮ ಇನ್ನೂ ಕೈಗೆ ಬಂದಿಲ್ಲ. ಗುಪ್ತರ ಕಾಲದ ಶಿಲ್ಪಿಗಳು ಗದೆಯನ್ನು ಹೆಣ್ಣಾಗಿಯೂ ಚಕ್ರವನ್ನು ಗಂಡಾಗಿಯೂ ರೂಪಿಸಿ ದೇವರ ಪಕ್ಕದಲ್ಲಿ ನಿಲ್ಲಿಸಿದರು. ಬಾದಾಮಿಯ ಮೂರನೇ ಗುಹೆಗೆ ಬಂದರೆ, ಅಂದರೆ ಶಕ 500, ಕ್ರಿ.ಶ. 578ಕ್ಕೆ, ಎಂಟು ಕೈಗಳ ವಿಷ್ಣು ಬಿಲ್ಲು, ಖಡ್ಗ, ಗುರಾಣಿಗಳನ್ನೂ ಹೊತ್ತು ಯೋಧನಂತೆ ನಿಂತಿದ್ದಾನೆ. ಈ ಎಲ್ಲ ಪ್ರಯೋಗಗಳ ನಂತರ ಉಳಿದು ನೆಲೆಯೂರಿದ್ದು ಆ ನಾಲ್ಕು ವಸ್ತುಗಳು.

ಅವುಗಳ ಅರ್ಥವೇನು? ವಿಷ್ಣುಪುರಾಣದ ಮೊದಲ ಅಂಶದಲ್ಲಿ ಗದೆಯೆಂದರೆ ಬುದ್ಧಿ. ಚಂಚಲವಾಗಿ ಸುತ್ತುವ ಚಕ್ರವೆಂದರೆ ಮನಸ್ಸು. ಶಂಖವೆಂದರೆ ಪಂಚಭೂತಗಳಿಗೆ ಮೂಲವಾದ ಅಹಂಕಾರ. ಶಾರ್ಙ್ಗವೆಂಬ ಬಿಲ್ಲಿಗೆ, ಬಾಣಗಳಿಗೆ, ಖಡ್ಗಕ್ಕೆ, ಅದರ ಒರೆಗೂ ಅಲ್ಲಿ ಒಂದೊಂದು ತತ್ತ್ವವಿದೆ. ಖಡ್ಗ ವಿದ್ಯೆಯಾದರೆ ಒರೆ ಅವಿದ್ಯೆ. ಸಾಂಖ್ಯದ ತತ್ತ್ವಗಳನ್ನು ದೇವರ ಮೈಮೇಲೆ ಹಂಚಿದ ಆ ಭಾಗ ನಿಜಕ್ಕೂ ಸೊಗಸಾದದ್ದು. ಗಮನಿಸಬೇಕಾದ ಅಂಶವೆಂದರೆ ಆ ಪಟ್ಟಿಯಲ್ಲಿ ಪದ್ಮವಿಲ್ಲ. ಇಪ್ಪತ್ತನಾಲ್ಕರ ಲೆಕ್ಕಕ್ಕೆ ಪದ್ಮ ಅನಿವಾರ್ಯ. ತತ್ತ್ವದ ವಿವರಣೆಗೆ ಅದು ಬೇಕಾಗಲಿಲ್ಲ. ಅಂದರೆ ಇವು ಎರಡು ಬೇರೆ ಚಿಂತನೆಗಳು: ಒಂದು, ವಸ್ತು ಏನನ್ನು ಸೂಚಿಸುತ್ತದೆ ಎಂಬುದು, ಇನ್ನೊಂದು, ಅದು ಇರುವ ಜಾಗ ಯಾರನ್ನು ಸೂಚಿಸುತ್ತದೆ ಎಂಬುದು. ಪ್ರತಿಮೆಗಳ ಬಗ್ಗೆ ಜನಪ್ರಿಯ ಬರಹಗಳು ಮೊದಲನೆಯದರಲ್ಲೇ ನಿಂತುಬಿಡುತ್ತವೆ. ಶಿಲ್ಪಿ ದುಡಿದದ್ದು ಎರಡನೆಯದನ್ನು ಹಿಡಿದು.

ಹೊಯ್ಸಳ ಶಿಲ್ಪಿಗಳಿಗೆ ಈ ವಿದ್ಯೆ ಕರತಲಾಮಲಕವಾಗಿತ್ತು. ಬಳಪದ ಕಲ್ಲಿನ ಮೃದುತನ ಸಣ್ಣ ಪದ್ಮದ ಎಸಳನ್ನೂ ಸ್ಪಷ್ಟವಾಗಿ ಕೊರೆಯಲು ಬಿಟ್ಟಿತು. 1246ರ ನುಗ್ಗೇಹಳ್ಳಿ ದೇವಾಲಯದಲ್ಲೂ ಆಮೇಲೆ ಸೋಮನಾಥಪುರದಲ್ಲೂ ದುಡಿದ ಮಲ್ಲಿತಮ್ಮ ತನ್ನ ಮೂರ್ತಿಗಳ ಕೆಳಗೆ ಹೆಸರು ಕೆತ್ತಿ ಹೋಗಿದ್ದಾನೆ. ಗೋಡೆಯುದ್ದಕ್ಕೂ ಒಂದೇ ಎತ್ತರದ, ಒಂದೇ ಉಡುಗೆಯ ಮೂರ್ತಿಗಳನ್ನು ಸಾಲಾಗಿ ನಿಲ್ಲಿಸುವಾಗ ಪ್ರತಿ ಕೈಯ ಲೆಕ್ಕವನ್ನೂ ಅವನಂಥವರು ಇಟ್ಟುಕೊಳ್ಳಬೇಕಿತ್ತು.

ಈ ಲೆಕ್ಕದಿಂದ ಸಂಶೋಧಕರಿಗೆ ಒಂದು ದೊಡ್ಡ ಉಪಕಾರವಾಗಿದೆ. ಮೂರ್ತಿಯ ಒಂದು ಕೈ ಮುರಿದಿದ್ದರೂ ಉಳಿದ ಮೂರರಿಂದ ನಾಲ್ಕನೆಯದನ್ನು ಹೇಳಬಹುದು. ಎರಡು ಕೈ ಹೋಗಿದ್ದರೆ ಎರಡು ಹೆಸರುಗಳ ನಡುವೆ ಆಯ್ಕೆ ಉಳಿಯುತ್ತದೆ.

ಈ ಪಟ್ಟಿಗಳನ್ನು ಆಧುನಿಕ ಓದುಗರಿಗಾಗಿ ಒಟ್ಟುಗೂಡಿಸಿದವರಲ್ಲಿ ಟಿ.ಎ. ಗೋಪಿನಾಥ ರಾವ್ ಪ್ರಮುಖರು. ಹಿಂದೂ ಪ್ರತಿಮಾಶಾಸ್ತ್ರವನ್ನು ಕುರಿತ ಅವರ ಗ್ರಂಥದ ಮೊದಲ ಸಂಪುಟ 1914ರಲ್ಲಿ ಹೊರಬಂತು. ಅವರೇ ತೋರಿಸಿರುವಂತೆ ಗ್ರಂಥಗಳ ನಡುವೆ ಒಮ್ಮತವಿಲ್ಲ. ಪದ್ಮಪುರಾಣಕ್ಕೂ ರೂಪಮಂಡನಕ್ಕೂ ಕೆಲವು ಹೆಸರುಗಳಲ್ಲಿ ಕ್ರಮ ಹೊಂದುವುದಿಲ್ಲ. ಹೆಚ್ಚಾಗಿ ಉದ್ಧರಿಸಲಾಗುವ ರೂಪಮಂಡನವಂತೂ 15ನೇ ಶತಮಾನದ್ದು, ಮೇವಾಡದಲ್ಲಿ ರಾಣಾ ಕುಂಭನ ಆಶ್ರಯದಲ್ಲಿದ್ದ ಸೂತ್ರಧಾರ ಮಂಡನ ಬರೆದದ್ದು. ಅದನ್ನು ಕೈಯಲ್ಲಿ ಹಿಡಿದು 13ನೇ ಶತಮಾನದ ಕನ್ನಡ ಶಿಲ್ಪಿ ಆಯುಧ ತಪ್ಪಿಟ್ಟಿದ್ದಾನೆ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಕರ್ನಾಟಕದ ಮೂರ್ತಿಗಳನ್ನು ಮೊದಲು ಅವುಗಳ ಪೀಠದ ಬರಹಗಳೊಂದಿಗೆ, ಪಕ್ಕದ ಊರಿನ ಸಮಕಾಲೀನ ಮೂರ್ತಿಗಳೊಂದಿಗೆ ಹೋಲಿಸಬೇಕು. ಗ್ರಂಥದ ಸಾಕ್ಷ್ಯ ಆಮೇಲಿನದು.