ಹಾಕಿಂಗ್ ಬಂದರು, ರ‍್ಯಾಂಪ್ ಬಂತು

ಮಂತ್ರಿ ಬರುತ್ತಾರೆ ಅಂದರೆ ನಮ್ಮೂರುಗಳ ರಸ್ತೆಗೆ ರಾತ್ರೋರಾತ್ರಿ ಡಾಂಬರು ಬೀಳುತ್ತದೆ. ದೆಹಲಿಯ ಸ್ಮಾರಕಗಳಲ್ಲೂ ಒಮ್ಮೆ ಹೀಗೇ ಆಗಿತ್ತು.

2001ರ ಜನವರಿ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಭಾರತಕ್ಕೆ ಬಂದಿದ್ದರು. ನರರೋಗದಿಂದ ಕೈಕಾಲು ಸ್ವಾಧೀನ ತಪ್ಪಿ, ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದವರು. ದೆಹಲಿಯ ಸ್ಮಾರಕಗಳನ್ನು ನೋಡುವ ಆಸೆ ಅವರಿಗಿತ್ತು. ಆದರೆ ಮೆಟ್ಟಿಲು ದಾಟುವುದು ಹೇಗೆ? ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮತ್ತು ಸಂಗಡಿಗರು ಪುರಾತತ್ವ ಇಲಾಖೆಯ ಬೆನ್ನುಬಿದ್ದರು. ಅಬಿದಿ ಕೂಡ ಗಾಲಿಕುರ್ಚಿ ಬಳಸುತ್ತಿದ್ದವರೇ. ಕೊನೆಗೆ ಕುತುಬ್ ಮಿನಾರ್, ಜಂತರ್ ಮಂತರ್, ಕೆಂಪುಕೋಟೆ, ಹುಮಾಯೂನ್ ಸಮಾಧಿ, ಈ ನಾಲ್ಕು ಕಡೆ ಮರದ ರ‍್ಯಾಂಪ್ ಹಾಕಿದರು. ಅದೂ ತಾತ್ಕಾಲಿಕವಾಗಿ.

ಅಲ್ಲಿಯವರೆಗೆ ಕಾನೂನು ಇರಲಿಲ್ಲವೇ? ಇತ್ತು. ಸಾರ್ವಜನಿಕ ಕಟ್ಟಡಗಳಲ್ಲಿ ರ‍್ಯಾಂಪ್ ಬೇಕೆಂದು 1995ರ ಕಾಯ್ದೆಯೇ ಹೇಳಿತ್ತು. ಆದರೆ ಜೊತೆಗೇ, ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ ಮಾಡಿದರೆ ಸಾಕು ಎಂಬ ಮಾತನ್ನೂ ಸೇರಿಸಿತ್ತು. ದುಡ್ಡಿಲ್ಲ ಅಂದರೆ ಮುಗಿಯಿತು! ಅತಿಥಿ ಬಂದಾಗ ಮಾತ್ರ ಹಲಗೆ, ಮೊಳೆ ಎಲ್ಲವೂ ಸಿಕ್ಕಿತು.

2016ರ ಹೊಸ ಕಾಯ್ದೆ ಈ ನೆಪಕ್ಕೆ ಜಾಗ ಕೊಡಲಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಸರಿಪಡಿಸಲು, ನಿಯಮ ಬಂದ ದಿನದಿಂದ ಐದು ವರ್ಷದ ಗಡುವು ಇಟ್ಟಿತು. ನಿಯಮ 2017ರಲ್ಲಿ ಬಂತು. 2022ಕ್ಕೆ ಐದು ವರ್ಷ ತುಂಬಿತು.

ಮುಂದಿನ ಶಾಲಾ ಪ್ರವಾಸದಲ್ಲಿ ಮ್ಯೂಸಿಯಂ ಮೆಟ್ಟಿಲ ಮುಂದೆ ನಡೆಯಲಾಗದ ಮಗುವೊಂದು ಬಸ್ಸಿನಲ್ಲೇ ಉಳಿದರೆ, ಎತ್ತಿಕೊಂಡು ಹೋಗಿ ಸುಮ್ಮನಾಗುವುದು ಬೇಡ. ರ‍್ಯಾಂಪ್ ಎಲ್ಲಿ ಎಂದು ಟಿಕೆಟ್ ಕೌಂಟರಿನಲ್ಲೇ ಕೇಳೋಣ. ಆ ಮಗು ಹಾಕಿಂಗ್ ಆಗಿರಬೇಕಿಲ್ಲ.