ಮಳೆ ಯಾರು ಕೊಟ್ಟ ವರ? ‘ಅಗ್ನಿ ಮತ್ತು ಮಳೆ’ಯಿಂದ ‘ಅಗ್ನಿ ವರ್ಷ’ಕ್ಕೆ

ನಾಟಕವೊಂದು ಸಿನಿಮಾ ಆದಾಗ ನಾವು ಮೊದಲು ಕೇಳುವುದು ‘ಮೂಲಕ್ಕೆ ನಿಷ್ಠವಾಗಿದೆಯೇ?’ ಎಂದು. ಈ ಅಳತೆಗೋಲಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕುರೊಸಾವಾ 1957ರ ‘ಥ್ರೋನ್ ಆಫ್ ಬ್ಲಡ್’ನಲ್ಲಿ ಮ್ಯಾಕ್‌ಬೆತ್‌ನ ಕಥೆ ಹೇಳುವಾಗ ಶೇಕ್ಸ್‌ಪಿಯರನ ಮಾತುಗಳನ್ನೇ ಕೈಬಿಟ್ಟರು, ಆದರೂ ದುರಂತ ಉಳಿಯಿತು. ಹಾಗಾಗಿ ಮೂಲದ ದುರಂತ ಎಲ್ಲಿ ನೆಲೆಸಿದೆ, ತೆರೆ ಅದನ್ನು ಅಲ್ಲಿಯೇ ಉಳಿಸಿಕೊಂಡಿದೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯನ್ನು ಆಧರಿಸಿ ಬೆಂಗಳೂರಿನ ರಂಗನಿರ್ದೇಶಕ ಅರ್ಜುನ್ ಸಜ್ನಾನಿ 2002ರಲ್ಲಿ ಮಾಡಿದ ಹಿಂದಿ ಚಿತ್ರ ‘ಅಗ್ನಿ ವರ್ಷ’ಕ್ಕೆ ಈ ಪ್ರಶ್ನೆಯನ್ನು ಹಾಕಿ ನೋಡಬಹುದು.

ಕಥೆಯ ಬೇರು ಮಹಾಭಾರತದ ವನಪರ್ವದಲ್ಲಿದೆ. ತೀರ್ಥಯಾತ್ರೆಯಲ್ಲಿರುವ ಪಾಂಡವರಿಗೆ ಲೋಮಶ ಮುನಿ ಯವಕ್ರೀತನ ಕಥೆ ಹೇಳುತ್ತಾನೆ. ತಪಸ್ಸಿನಿಂದ ವಿದ್ಯೆ ಗಳಿಸಿ ಅಹಂಕಾರ ಬೆಳೆಸಿಕೊಂಡ ಯವಕ್ರೀತ ಪರಾವಸುವಿನ ಹೆಂಡತಿಯ ಮೇಲೆ ಕೈಮಾಡುತ್ತಾನೆ. ಅವಳ ಮಾವ ರೈಭ್ಯ ತನ್ನ ಜಟೆಯಿಂದ ಸೃಷ್ಟಿಸಿದ ರಾಕ್ಷಸ ಅವನನ್ನು ಕೊಲ್ಲುತ್ತಾನೆ. ಮುಂದೆ ಪರಾವಸು ಕತ್ತಲಲ್ಲಿ ಮೃಗವೆಂದು ಭಾವಿಸಿ ಅಪ್ಪನನ್ನೇ ಕೊಂದು, ಅಪವಾದವನ್ನು ತಮ್ಮನ ತಲೆಗೆ ಕಟ್ಟುತ್ತಾನೆ. ಆದರೆ ಪುರಾಣ ಇಲ್ಲಿಗೆ ನಿಲ್ಲುವುದಿಲ್ಲ. ತಮ್ಮ ದೇವತೆಗಳಲ್ಲಿ ವರ ಬೇಡುತ್ತಾನೆ, ಸತ್ತವರೆಲ್ಲ ಎದ್ದು ಬರುತ್ತಾರೆ.

ಕಾರ್ನಾಡರು ಕತ್ತರಿ ಹಾಕಿದ್ದು ಈ ಕೊನೆಗೆ. ಅವರು ಪುರಾಣದಲ್ಲಿಲ್ಲದ ಒಬ್ಬ ಹುಡುಗಿಯನ್ನು ತಂದರು: ಬೇಡರ ನಿತ್ತಿಲೆ. ಬ್ರಾಹ್ಮಣ ಅರವಸು ಅವಳನ್ನು ಪ್ರೀತಿಸುತ್ತಾನೆ, ಜೊತೆಗೆ ನಟನಾಗಲು ಹಂಬಲಿಸುತ್ತಾನೆ. ಎರಡೂ ಅವನ ಜಾತಿಗೆ ಎರವಾಗುವ ದಾರಿಗಳು. ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಶಾಪ ಪಡೆದು ಶೂದ್ರರಾಗುವ ಕಥೆಯಿದೆ. ಆ ಹಳೆಯ ಕಳಂಕ ಅರವಸುವಿನ ಬೆನ್ನಿಗಿದೆ. ಕೊನೆಯಲ್ಲಿ ನಿತ್ತಿಲೆಯನ್ನು ಕೊಲ್ಲುವವರು ರಾಕ್ಷಸರಲ್ಲ, ಅವಳ ಅಣ್ಣ ಮತ್ತು ಗಂಡ. ಇಂದ್ರ ಪ್ರತ್ಯಕ್ಷನಾಗುತ್ತಾನೆ. ಅವಳು ಬದುಕಬೇಕೆಂದರೆ ಕಾಲಚಕ್ರ ಹಿಂದೆ ತಿರುಗಬೇಕು, ಆಗ ಬಿಡುಗಡೆಗಾಗಿ ಗೋಗರೆಯುತ್ತಿರುವ ಬ್ರಹ್ಮರಾಕ್ಷಸ ಮತ್ತೆ ಸಿಕ್ಕಿಬೀಳುತ್ತಾನೆ. ನಿತ್ತಿಲೆ ಇದ್ದಿದ್ದರೆ ಏನು ಬಯಸುತ್ತಿದ್ದಳೋ ಅದನ್ನೇ ಅರವಸು ಆರಿಸಿಕೊಳ್ಳುತ್ತಾನೆ. ಬ್ರಹ್ಮರಾಕ್ಷಸ ಬಿಡುಗಡೆಯಾಗುತ್ತಾನೆ, ಮಳೆ ಬರುತ್ತದೆ, ಅವಳು ಬರುವುದಿಲ್ಲ. ನಾಟಕದ ದುರಂತ ನೆಲೆಸಿರುವುದು ಈ ಆಯ್ಕೆಯಲ್ಲಿ.

ಚಿತ್ರ ಕಥೆಯ ಎಲುಬನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ವಿಶಾಖೆಯ ಪಾತ್ರದಲ್ಲಿ ರವೀನಾ ಟಂಡನ್ ಅವರ ಮುಖವನ್ನು ಕ್ಯಾಮೆರಾ ಹತ್ತಿರದಿಂದ ನೋಡಿದಾಗ, ಗಂಡನಿಂದ ವರ್ಷಗಟ್ಟಲೆ ದೂರವಾದ ಹೆಣ್ಣಿನ ಒಣಗಿದ ಬದುಕು ಮಾತಿಲ್ಲದೆ ತಿಳಿಯುತ್ತದೆ. ರಂಗದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಈ ಲಾಭವಿಲ್ಲ. ಬರಗಾಲವೂ ಇಲ್ಲಿ ಬರೀ ಮಾತಲ್ಲ, ಕಣ್ಣಿಗೆ ಕಾಣುವ ನೆಲ.

ತೊಡಕು ಶುರುವಾಗುವುದು ಹಂಪಿಯ ಕಲ್ಲಿನಿಂದ. ಚಿತ್ರೀಕರಣ ನಡೆದದ್ದು ಅಲ್ಲಿ. ವಿಜಯನಗರದ ಕಲ್ಲುಗಳಿಗೂ ವೈದಿಕ ಯಜ್ಞಕ್ಕೂ ನಡುವೆ ಎರಡು ಸಾವಿರ ವರ್ಷಗಳ ಅಂತರವಿದೆ ಎಂಬುದು ಸಣ್ಣ ತಕರಾರು. ದೊಡ್ಡದು ಬೇರೆಯೇ ಇದೆ. ವೈದಿಕ ಯಜ್ಞಶಾಲೆ ತಾತ್ಕಾಲಿಕ ಚಪ್ಪರ. 1975ರಲ್ಲಿ ಕೇರಳದ ಪಾಂಜಾಳ್‌ನಲ್ಲಿ ನಂಬೂದಿರಿಗಳು ಅಗ್ನಿಚಯನ ಮಾಡಿದಾಗ ಕೊನೆಗೆ ಶಾಲೆಗೇ ಬೆಂಕಿ ಇಟ್ಟರು, ವಿಧಿಯ ಭಾಗವಾಗಿ. ನಾಟಕದಲ್ಲಿ ವೃತ್ರನ ಮುಖವಾಡ ತೊಟ್ಟ ಅರವಸು ಹಚ್ಚುವ ಬೆಂಕಿ ಆ ವಿಧಿಯ ಭೀಕರ ಅಣಕದಂತಿದೆ. ಸುಡಲೆಂದೇ ಕಟ್ಟಿದ್ದನ್ನು ಸುಡಬಾರದವನು, ಸುಡಬಾರದ ಹೊತ್ತಿನಲ್ಲಿ ಸುಡುತ್ತಾನೆ. ಹಂಪಿಯ ಕಲ್ಲು ಮಾತ್ರ ಶಾಶ್ವತವಾದುದನ್ನು ನೆನಪಿಸುತ್ತದೆ. ಉರಿದುಹೋಗುವ ಲೋಕದ ಭಯ ಅಲ್ಲಿ ಹುಟ್ಟುವುದಿಲ್ಲ.

ಎರಡನೆಯ ತೊಡಕು ಇಂದ್ರ. ಆ ಪಾತ್ರ ಅಮಿತಾಭ್ ಬಚ್ಚನ್ ಅವರದು. ರಂಗದ ಮೇಲೆ ಇಂದ್ರ ಬಂದಾಗ ನಮ್ಮ ಕಣ್ಣು ಅರವಸುವನ್ನು ಬಿಟ್ಟು ಕದಲುವುದಿಲ್ಲ, ಏಕೆಂದರೆ ಉತ್ತರ ಬರಬೇಕಾದದ್ದು ಅವನಿಂದ. ತೆರೆಯ ಮೇಲೆ ಅಷ್ಟು ದೊಡ್ಡ ತಾರೆ ಇಳಿದು ಬಂದರೆ ನೋಟ ದೇವರ ಕಡೆ ಹೊರಳುತ್ತದೆ. ಮನುಷ್ಯನೊಬ್ಬ ಎಲ್ಲವನ್ನೂ ತೆತ್ತು ಪಡೆದ ಮಳೆ ದೇವರ ಕೃಪೆಯಂತೆ ಕಾಣತೊಡಗುತ್ತದೆ. ಪುರಾಣದಿಂದ ಕಾರ್ನಾಡರು ಕತ್ತರಿಸಿ ತೆಗೆದ ಸಮಾಧಾನ ಹಿಂಬಾಗಿಲಿನಿಂದ ಒಳಗೆ ಬರುವುದು ಹೀಗೆ.

ಇದು ಬರೀ ಸೌಂದರ್ಯಶಾಸ್ತ್ರದ ಜಗಳವಲ್ಲ. ನಾನು ವಾಸಿಸುವ ಹೆಬ್ಬಾಳದಲ್ಲಿ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿದೆ. ಹೋರಾಡಿ ಮಡಿದವನಿಗೆ ಊರು ಕಲ್ಲು ನಿಲ್ಲಿಸಿತು, ಹೆಸರು ಕೆತ್ತಿತು. ತನ್ನವರ ಕೈಯಲ್ಲೇ ಸತ್ತ ಹುಡುಗಿಗೆ ಯಾವ ಊರೂ ಕಲ್ಲು ನಿಲ್ಲಿಸುವುದಿಲ್ಲ. ಮರ್ಯಾದೆಗೇಡು ಎಂದು ಮಗಳನ್ನೋ ತಂಗಿಯನ್ನೋ ಕೊಂದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇನ್ನೂ ಬರುತ್ತಲೇ ಇದೆ. ಇಂಥ ಸಾವಿನ ಲೆಕ್ಕವನ್ನು ಮಳೆ ತೀರಿಸಿತು ಎಂದು ಪ್ರೇಕ್ಷಕ ಹಗುರಾಗಿ ಮನೆಗೆ ಹೋದರೆ ದುರಂತ ಸೋತಂತೆ.

‘ಅಗ್ನಿ ವರ್ಷ’ ಅಪ್ರಾಮಾಣಿಕ ಚಿತ್ರವಲ್ಲ. ಕನ್ನಡದ ಒಂದು ಕಠಿಣ ನಾಟಕವನ್ನು ದೇಶದ ದೊಡ್ಡ ಪರದೆಗೆ ಒಯ್ಯುವ ಧೈರ್ಯ ತೋರಿದೆ. ಕಥೆಯನ್ನು ಕಾಪಾಡಿದ ಅದು ಆಯ್ಕೆಯ ಭಾರವನ್ನು ಮಾತ್ರ ಕಡಿಮೆ ಮಾಡಿತು. ಚಿತ್ರ ನೋಡಿದವರು ನಾಟಕದ ಕೊನೆಯ ಅಂಕವನ್ನೊಮ್ಮೆ ಓದಲಿ. ಅಲ್ಲಿ ಎಲ್ಲರೂ ಮಳೆಗೆ ಸಂಭ್ರಮಿಸುವಾಗ ಒಬ್ಬನ ಮಡಿಲಲ್ಲಿ ಹೆಣವಿದೆ.