ಆತ್ಮವಿಶ್ವಾಸದ ನುಡಿಗಟ್ಟುಗಳ ಭಾಷಾಂತರ

ಒಂದು ಭಾಷೆಯ ಶಬ್ದವನ್ನು ಇನ್ನೊಂದು ಭಾಷೆಗೆ ತರುವುದು ಅಷ್ಟು ಕಷ್ಟವಲ್ಲ. ನುಡಿಗಟ್ಟನ್ನು ತರುವುದು ಕಷ್ಟ. ಮನುಷ್ಯನಿಗೆ ತನ್ನಲ್ಲಿರುವ ನಂಬಿಕೆಯನ್ನು ಕುರಿತ ಮಾತುಗಳಲ್ಲಂತೂ ಇದು ಸ್ಪಷ್ಟವಾಗಿ ಕಾಣುತ್ತದೆ.

ಅತಿಯಾದ ಭರವಸೆಯನ್ನು ತಿದ್ದುವ ಗಾದೆಯೊಂದನ್ನು ನೋಡೋಣ. ಮೊಟ್ಟೆಯೊಡೆಯುವ ಮೊದಲೇ ಮರಿಗಳನ್ನು ಎಣಿಸಬೇಡವೆನ್ನುತ್ತಾನೆ ಆಂಗ್ಲನು. ಕರಡಿಯನ್ನು ಬೇಟೆಯಾಡುವ ಮೊದಲೇ ಅದರ ಚರ್ಮವನ್ನು ಮಾರಬೇಡವೆನ್ನುತ್ತಾನೆ ಸ್ಪೇನ್ ದೇಶದವನು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂದು ನಮ್ಮವರು ನಗುತ್ತಾರೆ. ಆಂಗ್ಲ ಗಾದೆಯನ್ನು ಸ್ಪ್ಯಾನಿಷಿಗೆ ತರುವವನು ಕೋಳಿಮರಿಯನ್ನು ಬಿಟ್ಟು ಕರಡಿಯನ್ನು ಹಿಡಿಯಬೇಕು. ಕನ್ನಡಕ್ಕೆ ತರುವವನು ಎರಡನ್ನೂ ಬಿಟ್ಟು ಕುಲಾವಿಯನ್ನು ಹುಡುಕಬೇಕು.

ಈ ವಿವೇಕವು ನಮ್ಮ ನಿಘಂಟುಗಳ ಇತಿಹಾಸದಲ್ಲಿಯೇ ಇದೆ. ವಿಲಿಯಂ ರೀವ್ ಪಾದ್ರಿಯ ಇಂಗ್ಲಿಷ್–ಕನ್ನಡ ನಿಘಂಟು ೧೮೨೪ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ೧೮೫೩ರಲ್ಲಿ ಭಾರತಕ್ಕೆ ಬಂದ ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂತು. ಆಗ ಕುಂಬ್ಡಾಜೆಯೂ ಮಂಗಳೂರೂ ಒಂದೇ ಜಿಲ್ಲೆಯಲ್ಲಿದ್ದವು. ಕಿಟ್ಟೆಲರು ಶಬ್ದಕ್ಕೆ ಅರ್ಥವನ್ನಷ್ಟೇ ಬರೆದು ಸುಮ್ಮನಾಗಲಿಲ್ಲ. ಜನರ ಬಾಯಲ್ಲಿದ್ದ ಗಾದೆಗಳನ್ನೂ ಕವಿಪ್ರಯೋಗಗಳನ್ನೂ ಜೊತೆಗಿಟ್ಟರು. ಬಳಕೆಯನ್ನು ಬಿಟ್ಟು ಅರ್ಥವಿಲ್ಲವೆಂಬುದನ್ನು ಅವರ ನಿಘಂಟು ತೋರಿಸಿಕೊಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ೧೯೪೬ರಲ್ಲಿ ಪ್ರಕಟವಾಯಿತು.

ವೃತ್ತಪತ್ರಿಕೆಗಳ ಅವಸರದಲ್ಲಿ ಈ ವಿವೇಕವು ಕೆಲವೊಮ್ಮೆ ಹಿಂದೆ ಬಿದ್ದಿದೆ. 'ಜನರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುವುದು' ಎಂಬುದು ಆಂಗ್ಲ ನುಡಿಗಟ್ಟಿನ ನೆರಳು. ಕನ್ನಡದಲ್ಲಿ ವಿಶ್ವಾಸವೆಂದರೆ ನಂಬಿಕೆ ಮಾತ್ರವಲ್ಲ, ಪ್ರೀತಿಯೂ ಹೌದು. ಅದನ್ನು ಇಡುತ್ತೇವೆ, ತೋರುತ್ತೇವೆ, ಗಳಿಸುತ್ತೇವೆ. ಹಾಗೆಂದು ಹೊಸ ಮಾತುಗಳೆಲ್ಲವೂ ತ್ಯಾಜ್ಯವೆನ್ನಲಾಗದು. ಶಾಸನಸಭೆಗೆ 'ಅವಿಶ್ವಾಸ ಗೊತ್ತುವಳಿ' ಬೇಕು. 'ಆತ್ಮವಿಶ್ವಾಸ'ವೂ ನಮ್ಮದೇ ಆಗಿಬಿಟ್ಟಿದೆ. ಆದರೆ ಅದೊಂದೇ ಉಳಿದು 'ಎದೆ ತಟ್ಟಿ ಹೇಳು', 'ತಲೆಯೆತ್ತಿ ನಡೆ', 'ಎದೆಗುಂದಬೇಡ' ಎಂಬವು ಮರೆತುಹೋದರೆ ನಷ್ಟ ನಮಗೆ. 'ಕೆಚ್ಚೆದೆ' ಎಂಬ ಮಾತನ್ನೇ ನೋಡಿರಿ. ಕೆಚ್ಚು ಎಂದರೆ ಮರದ ಒಳಗಿನ ಗಟ್ಟಿ ತಿರುಳು. ಹಲಸಿನ ಮರ ಸೀಳುವುದನ್ನು ಕಂಡ ನಮ್ಮೂರಿನ ಮಕ್ಕಳಿಗೆ ಇದರ ಅರ್ಥವನ್ನು ನಿಘಂಟು ತೆರೆದು ಹೇಳಬೇಕಾಗಿಲ್ಲ.

೧೯೫೬ನೆಯ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ವಿದ್ಯಾರ್ಥಿಗೆ ಭಾಷಾಂತರವು ಪರೀಕ್ಷೆಯ ಪ್ರಶ್ನೆಯಷ್ಟೇ ಅಲ್ಲ, ದಿನನಿತ್ಯದ ಬಾಳು. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕಚೇರಿಯಲ್ಲಿ ಮಲಯಾಳ, ಮುಂದಿನ ಓದಿಗೆ ಇಂಗ್ಲಿಷ್. ಇಷ್ಟು ನುಡಿಗಳ ನಡುವೆ ಬೆಳೆಯುವ ಮಗು ತನ್ನ ಮಾತು ಕೀಳೆಂದು ಭಾವಿಸಿದರೆ, 'ಆತ್ಮವಿಶ್ವಾಸ'ದ ಅರ್ಥವನ್ನು ಬಾಯಿಪಾಠ ಮಾಡಿ ಫಲವೇನು?

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಪಾಠದಲ್ಲಿ ಇಂಗ್ಲಿಷ್ ನುಡಿಗಟ್ಟೊಂದು ಬಂದಾಗ ಅರ್ಥವನ್ನು ಕೂಡಲೇ ಬರೆಸದೆ, 'ಇದಕ್ಕೆ ನಿಮ್ಮ ಅಜ್ಜಿ ಏನೆನ್ನುತ್ತಾರೆ?' ಎಂದು ಕೇಳಿರಿ. ಮಕ್ಕಳು ಮರುದಿನ ತರುವ ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಕಿಟ್ಟೆಲರು ದೂರದೇಶದಿಂದ ಬಂದು ಮಾಡಿದ ಕೆಲಸವನ್ನು ನಾವು ನಮ್ಮ ಮನೆಯಂಗಳದಲ್ಲಿ ಮುಂದುವರಿಸಬಹುದು.